ಮಗಳ ಕ್ಲಾಸಿನಲ್ಲಿ ಆಟಿಸಂ ಇರುವ ಹುಡುಗ: ಆ ಪತ್ರಕ್ಕೆ ಸಹಿ ಹಾಕಬೇಕಾ?

ಪ್ರಶ್ನೆ: ನನ್ನ ಮಗಳು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾಳೆ. ಈ ವರ್ಷ ಅವಳ ಸೆಕ್ಷನ್‌ಗೆ ಆಟಿಸಂ ಇರುವ ಹುಡುಗನೊಬ್ಬ ಸೇರಿದ್ದಾನೆ. ಕೆಲವು ಸಲ ಜೋರಾಗಿ ಕಿರುಚುತ್ತಾನಂತೆ, ಎದ್ದು ಹೊರಗೆ ಓಡುತ್ತಾನಂತೆ. ಮಿಸ್ ನನ್ನ ಮಗಳನ್ನೇ ಅವನ ಪಕ್ಕ ಕೂರಿಸಿದ್ದಾರೆ, "ನೀನು ಜಾಣೆ, ಅವನನ್ನ ನೋಡ್ಕೋ" ಅಂತ. ಕೆಲವು ವಾರಗಳಿಂದ ಇವಳಿಗೆ ಬೆಳಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು. ಈಗ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಪತ್ರ ಓಡಾಡುತ್ತಿದೆ. ಆ ಹುಡುಗನನ್ನು ಸ್ಪೆಷಲ್ ಸ್ಕೂಲಿಗೆ ಕಳಿಸಿ, ನಮ್ಮ ಮಕ್ಕಳ ಓದು ಹಾಳಾಗುತ್ತಿದೆ ಎಂದು ಅದರಲ್ಲಿದೆ. ನನ್ನ ಸಹಿಯನ್ನೂ ಕೇಳುತ್ತಿದ್ದಾರೆ. ಅವನ ತಾಯಿಯ ಮುಖ ನೋಡಿದರೆ ಮನಸ್ಸು ಒಪ್ಪುವುದಿಲ್ಲ, ಮಗಳ ಮುಖ ನೋಡಿದರೆ ಸುಮ್ಮನಿರಲೂ ಆಗುವುದಿಲ್ಲ. ಇಂಥ ಮಕ್ಕಳ ಜೊತೆ ಕೂತು ಕಲಿತರೆ ಬೇರೆ ಮಕ್ಕಳ ಓದಿಗೆ ಪೆಟ್ಟು ಬೀಳುತ್ತದೆಯೇ? ಸಂಶೋಧನೆಗಳು ಏನು ಹೇಳುತ್ತವೆ?

ಉತ್ತರ: ಆ ಪತ್ರಕ್ಕೆ ಸಹಿ ಹಾಕಬೇಡಿ. ಬೇರೆ ಪತ್ರ ಬರೆಯಿರಿ. ಅದರಲ್ಲಿ ಏನಿರಬೇಕು ಎಂದು ಆಮೇಲೆ ಹೇಳುತ್ತೇನೆ. ಮೊದಲು ಮಗಳ ಹೊಟ್ಟೆನೋವಿನ ವಿಷಯ, ಯಾಕೆಂದರೆ ಅದು ಕಾಯುವಂಥದ್ದಲ್ಲ.

ಏಳೆಂಟು ವರ್ಷದ ಮಕ್ಕಳು "ನನಗೆ ಭಯ ಆಗ್ತಿದೆ" ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಭಯ ಹೊಟ್ಟೆನೋವಾಗಿ, ತಲೆನೋವಾಗಿ ಹೊರಗೆ ಬರುತ್ತದೆ. ಮಿದುಳಿಗೂ ಕರುಳಿಗೂ ನರಗಳ ನಂಟಿದೆ. ಆತಂಕವಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ನೋವು ನಿಜವಾಗಿಯೂ ಆಗುತ್ತದೆ. ಹಾಗಾಗಿ "ನಾಟಕ ಆಡಬೇಡ" ಅನ್ನಬೇಡಿ. ಭಾನುವಾರ ಮತ್ತು ರಜೆಯ ದಿನ ನೋವು ಇರುತ್ತದಾ, ಗಮನಿಸಿ. ಇರುವುದಿಲ್ಲ ಎಂದಾದರೆ ಇದು ಆತಂಕದ ನೋವಾಗಿರುವ ಸಾಧ್ಯತೆ ಜಾಸ್ತಿ. ಆದರೂ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ ಅಥವಾ ಜ್ವರ, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ತಡ ಮಾಡಬಾರದು. ಡಾಕ್ಟರು ಏನೂ ಇಲ್ಲ ಎಂದರೆ ಶಾಲೆ ತಪ್ಪಿಸಬೇಡಿ. ಮನೆಯಲ್ಲಿ ಉಳಿದ ದಿನ ನೋವು ಹೋಗುತ್ತದೆ, ಆದರೆ ಮರುದಿನ ಭಯ ಇನ್ನಷ್ಟು ಬಲಿತಿರುತ್ತದೆ.

ರಾತ್ರಿ ಮಲಗುವ ಹೊತ್ತಿನಲ್ಲಿ ಅವಳನ್ನು ನಿಧಾನವಾಗಿ ಕೇಳಿ: ಕ್ಲಾಸಿನಲ್ಲಿ ಯಾವುದು ಕಷ್ಟ ಆಗ್ತಿದೆ? "ಅವನಿಗೆ ಹೆದರ್ತೀಯಾ?" ಎಂದು ನೀವೇ ಉತ್ತರ ಸೇರಿಸಿ ಕೇಳಬೇಡಿ. ನನ್ನ ಊಹೆ ಬೇರೆ ಇದೆ. ಹೀಗೆ ಹೊಣೆ ಹೊತ್ತ ಮಕ್ಕಳು ಸಾಮಾನ್ಯವಾಗಿ ಹೇಳುವುದು "ಅವನು ಓಡಿಹೋದರೆ ಮಿಸ್ ನನಗೆ ಬೈತಾರೆ" ಅಂತ. ಎಂಟು ವರ್ಷದ ಹುಡುಗಿಗೆ ಇನ್ನೊಂದು ಮಗುವಿನ ಸುರಕ್ಷತೆಯ ಹೊಣೆ ವಹಿಸಿದ್ದಾರೆ. ದೊಡ್ಡವರಿಗೇ ಭಾರವಾಗುವ ಕೆಲಸ ಅದು. ಮತ್ತು ಗಮನಿಸಿದ್ದೀರಾ, ಈ ಕೆಲಸ ಬೀಳುವುದು ಬಹುತೇಕ ಹೆಣ್ಣುಮಕ್ಕಳ ಮೇಲೆಯೇ. ಮಿಸ್‌ಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಕ್ಲಾಸಿನಲ್ಲಿ ಇನ್ನೊಬ್ಬ ದೊಡ್ಡವರಿಲ್ಲ, ಕೈಗೆ ಸಿಕ್ಕ ಸಮಾಧಾನದ ಮಗುವನ್ನು ಬಳಸಿಕೊಂಡಿದ್ದಾರೆ. ಆದರೆ ಇದು ನಾಳೆಯೇ ನಿಲ್ಲಬೇಕು. ಫೋನ್ ಮಾಡಿ ಹೇಳಿ: "ಪಕ್ಕ ಕೂರುವುದಕ್ಕೆ ನಮ್ಮ ತಕರಾರಿಲ್ಲ. ಎಲ್ಲ ಮಕ್ಕಳೂ ಸರದಿಯಲ್ಲಿ ಕೂರಲಿ. ನೋಡಿಕೊಳ್ಳುವ ಹೊಣೆ ಮಾತ್ರ ಅವಳಿಗೆ ಬೇಡ." ಇಷ್ಟರಿಂದಲೇ ಹೊಟ್ಟೆನೋವು ಅರ್ಧ ಇಳಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಈಗ ನೀವು ಕೇಳಿದ ಪ್ರಶ್ನೆಗೆ ಬರೋಣ. ಉಳಿದ ಮಕ್ಕಳ ಓದು ಹಾಳಾಗುತ್ತದಾ?

ಈ ಪ್ರಶ್ನೆಯನ್ನು ಸಂಶೋಧಕರು ದಶಕಗಳಿಂದ ಕೇಳುತ್ತಿದ್ದಾರೆ. 2007ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಒಂದು ತಂಡ ಆವರೆಗಿನ 26 ಅಧ್ಯಯನಗಳನ್ನು ಜಾಲಾಡಿತು. ವಿಶೇಷ ಅಗತ್ಯವಿರುವ ಮಕ್ಕಳು ಸೇರಿದ ಮೇಲೆ ಉಳಿದ ಮಕ್ಕಳಿಗೆ ಏನಾಯಿತು ಎನ್ನುವುದರ ಫಲಿತಾಂಶಗಳಲ್ಲಿ 81% "ಲಾಭ" ಅಥವಾ "ವ್ಯತ್ಯಾಸವಿಲ್ಲ" ಎಂಬ ಕಡೆಗಿದ್ದವು. 2017ರಲ್ಲಿ ಪೋಲೆಂಡಿನ ಸಂಶೋಧಕರು ಇನ್ನೂ ದೊಡ್ಡ ಲೆಕ್ಕ ಹಾಕಿದರು. 47 ಅಧ್ಯಯನಗಳು, ಸುಮಾರು 48 ಲಕ್ಷ ವಿದ್ಯಾರ್ಥಿಗಳು. ವಿಶೇಷ ಅಗತ್ಯವಿಲ್ಲದ ಮಕ್ಕಳ ಅಂಕಗಳು ಇಂಥ ತರಗತಿಗಳಲ್ಲಿ ಕುಸಿದಿರಲಿಲ್ಲ, ಕೂದಲೆಳೆಯಷ್ಟು ಮೇಲೇ ಇದ್ದವು. ಆ ಲಾಭ ಎಷ್ಟು ಚಿಕ್ಕದೆಂದರೆ ಅದನ್ನು ಹಿಡಿದುಕೊಂಡು ಯಾರೂ ಸಂಭ್ರಮಿಸಬೇಕಿಲ್ಲ. ನಷ್ಟ ಇಲ್ಲ ಎಂಬುದಷ್ಟೇ ನಿಮಗೆ ಬೇಕಾದ ಮಾತು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಗ್ರೂಪಿನ ಪೋಷಕರಿಗೆ ನಾನು ಅನ್ಯಾಯ ಮಾಡಿದ ಹಾಗೆ. ಇವೆಲ್ಲ ಸರಾಸರಿಯ ಲೆಕ್ಕ. ಅದರಲ್ಲೂ ಹೆಚ್ಚಿನವು ಅಮೆರಿಕ, ಯುರೋಪಿನವು. ಅಲ್ಲಿನ ಕ್ಲಾಸುಗಳು ಚಿಕ್ಕವು, ಸಹಾಯಕ್ಕೆ ಇನ್ನೊಬ್ಬ ಶಿಕ್ಷಕರು ಇರುವುದೂ ಉಂಟು. ನಮ್ಮ ಕಡೆ ಒಂದು ಸೆಕ್ಷನ್‌ನಲ್ಲಿ ನಲವತ್ತು ಮಕ್ಕಳು, ಒಬ್ಬರೇ ಮಿಸ್. ಜೊತೆಗೆ, ನಷ್ಟ ತೋರಿಸಿದ ಗಂಭೀರ ಅಧ್ಯಯನಗಳೂ ಇವೆ. ಅಮೆರಿಕದ ಜೇಸನ್ ಫ್ಲೆಚರ್ ಎಂಬ ಅರ್ಥಶಾಸ್ತ್ರಜ್ಞರು ಪುಟ್ಟ ತರಗತಿಗಳ ಅಂಕಿ-ಅಂಶ ನೋಡಿದರು. ತೀವ್ರ ಭಾವನಾತ್ಮಕ ತೊಂದರೆ ಇರುವ ಮಗು ಇದ್ದ ಕ್ಲಾಸಿನಲ್ಲಿ ಉಳಿದವರ ಓದು ಮತ್ತು ಗಣಿತದ ಅಂಕ ಸ್ವಲ್ಪ ತಗ್ಗಿತ್ತು. ಒಂದೇ ಕ್ಲಾಸಿನಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಖ್ಯೆ ತುಂಬಾ ಹೆಚ್ಚಾದರೆ ಉಳಿದವರಿಗೆ ಪೆಟ್ಟು ಬೀಳುತ್ತದೆ, ಎಲ್ಲ ಸೆಕ್ಷನ್‌ಗಳಿಗೂ ಹಂಚಿದರೆ ಅಷ್ಟು ಬೀಳುವುದಿಲ್ಲ ಎಂದು ಸ್ವಿಟ್ಜರ್‌ಲೆಂಡಿನ ಒಂದು ಅಧ್ಯಯನ ಹೇಳಿತು. ಅಂದರೆ ಪೋಷಕರ ಭಯ ಪೂರ್ತಿ ಕಲ್ಪನೆಯಲ್ಲ.

ಈ ಭಯವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ನಾನು ಪೋಷಕರಿಗೆ ಯಾವಾಗಲೂ ಹೇಳುವ ಅಧ್ಯಯನ ಒಂದಿದೆ. ಅದು ಆಟಿಸಂ ಬಗ್ಗೆ ಅಲ್ಲವೇ ಅಲ್ಲ. ಸ್ಕಾಟ್ ಕ್ಯಾರೆಲ್ ಮತ್ತು ಮಾರ್ಕ್ ಹೂಕ್‌ಸ್ಟ್ರಾ ಎಂಬಿಬ್ಬರು ಫ್ಲಾರಿಡಾದ ಒಂದು ಕೌಂಟಿಯ ಶಾಲಾ ದಾಖಲೆಗಳನ್ನೂ, ಕೋರ್ಟಿನಲ್ಲಿದ್ದ ಕೌಟುಂಬಿಕ ಹಿಂಸೆಯ ದಾಖಲೆಗಳನ್ನೂ ಜೋಡಿಸಿ ನೋಡಿದರು. 2010ರಲ್ಲಿ ಬಂದ ಅವರ ಲೇಖನದ ಪ್ರಕಾರ, ಮನೆಯಲ್ಲಿ ಹೊಡೆದಾಟ ನೋಡುತ್ತಿದ್ದ ಮಗು ಕ್ಲಾಸಿನಲ್ಲಿದ್ದರೆ ಉಳಿದ ಮಕ್ಕಳ ಅಂಕ ಇಳಿಯುತ್ತಿತ್ತು, ಗಲಾಟೆ ಹೆಚ್ಚುತ್ತಿತ್ತು. ಆ ಮಕ್ಕಳನ್ನು ಗುರುತಿಸಿದ್ದು ಯಾವ ಕಾಯಿಲೆಯ ಹೆಸರಿನಿಂದಲೂ ಅಲ್ಲ. ಅಂಥ ಮಕ್ಕಳ ವಿರುದ್ಧ ಸಹಿ ಸಂಗ್ರಹಿಸಲು ಯಾರು ಹೋಗುತ್ತಾರೆ! ಎರಡು ವರ್ಷದ ನಂತರ ಅವರೇ ಇನ್ನೊಂದು ಲೇಖನ ತಂದರು. ಮನೆಯವರು ಹಿಂಸೆಯ ಬಗ್ಗೆ ಕೋರ್ಟಿಗೆ ದೂರು ಕೊಟ್ಟ ಮೇಲೆ ಏನಾಯಿತು? ಉಳಿದ ಮಕ್ಕಳಿಗೆ ಆಗುತ್ತಿದ್ದ ನಷ್ಟ ಬಹುಪಾಲು ಇಲ್ಲವಾಯಿತು. ಅದೇ ಮಗು, ಅದೇ ಕ್ಲಾಸು. ಬದಲಾದದ್ದು ಆ ಮಗುವಿನ ಸಂಕಟ ಹೊರಬಂದು, ಅದಕ್ಕೊಂದು ದಾರಿ ಸಿಕ್ಕಿದ್ದು.

ನನ್ನ ಮಾತಿನ ತಿರುಳೂ ಇದೇ. ಕ್ಲಾಸಿಗೆ ತೊಂದರೆ ಆಗುವುದು ಮಗುವಿನ ಫೈಲಿನಲ್ಲಿ "ಆಟಿಸಂ" ಎಂದು ಬರೆದಿರುವುದರಿಂದ ಅಲ್ಲ. ಸಂಕಟದಲ್ಲಿರುವ ಮಗುವಿಗೆ ದೊಡ್ಡವರ ನೆರವು ಸಿಗದಿರುವುದರಿಂದ. ಆ ಹುಡುಗನನ್ನು ಕಳಿಸಿದರೂ ಆ ಮಿಸ್ ಒಬ್ಬರೇ, ಆ ನಲವತ್ತು ಮಕ್ಕಳೇ. ಕಾಂಗ್ರಾ, ಪಲ್ವಲ್, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್, ಹೀಗೆ ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 2ರಿಂದ 9 ವರ್ಷದ ಎಂಟು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಬೆಳವಣಿಗೆಯ ಒಂದಲ್ಲ ಒಂದು ತೊಂದರೆ ಇದೆ. ಕಿವಿ ಕೇಳದಿರುವುದು, ಅಪಸ್ಮಾರ, ಕಲಿಕೆಯ ತೊಂದರೆ ಎಲ್ಲ ಅದರಲ್ಲಿ ಸೇರಿವೆ. ನಲವತ್ತು ಮಕ್ಕಳ ಸೆಕ್ಷನ್ ಅಂದರೆ ನಾಲ್ಕೈದು ಮಕ್ಕಳು. ಕಿರುಚುವವನು ಕಣ್ಣಿಗೆ ಬೀಳುತ್ತಾನೆ, ಉಳಿದವರು ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಪತ್ರಕ್ಕೆ ಸಹಿ ಹಾಕಿದವರಲ್ಲೇ ಯಾರದೋ ಮಗು ಅದು.

ಅಂಕ ಬಿಟ್ಟು ಬೇರೆ ಏನಾದರೂ ನಿಮ್ಮ ಮಗಳಿಗೆ ಸಿಗುತ್ತದಾ? ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಅಧ್ಯಯನ ಇದೆ. ಅದೂ ಆಟಿಸಂ ಬಗ್ಗೆ ಅಲ್ಲ, ಬಡ ಮಕ್ಕಳ ಬಗ್ಗೆ. 2007ರಿಂದ ದೆಹಲಿಯ ಅನೇಕ ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಆಗ ಅಲ್ಲೂ ಪೋಷಕರು ಹೀಗೇ ಗಾಬರಿಯಾಗಿದ್ದರು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಆ ಶಾಲೆಗಳ ಸ್ಥಿತಿವಂತ ಮಕ್ಕಳನ್ನು ಪರೀಕ್ಷಿಸಿದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳಲು ಹೇಳಿದರು, ಗೆದ್ದರೆ ಹಣ. ಬಡ ಮಕ್ಕಳ ಜೊತೆ ಓದಿದವರು, ಚೆನ್ನಾಗಿ ಓಡುವ ಹುಡುಗ ಬಡವನಾಗಿದ್ದರೂ ಅವನನ್ನು ಆರಿಸುವುದು ಹೆಚ್ಚು. ದಾನ ಕೊಡುವುದರಲ್ಲಿ, ಹಂಚಿಕೊಳ್ಳುವುದರಲ್ಲಿಯೂ ಅವರು ಮುಂದಿದ್ದರು. ಹಿಂದಿ, ಗಣಿತದ ಅಂಕದಲ್ಲಿ ವ್ಯತ್ಯಾಸವಿರಲಿಲ್ಲ. ಇಂಗ್ಲಿಷ್ ಅಂಕ ಮಾತ್ರ ತುಸು ಇಳಿದಿತ್ತು. 2019ರಲ್ಲಿ ಪ್ರಕಟವಾದ ಆ ಲೇಖನ ಇಳಿದದ್ದನ್ನೂ ಮುಚ್ಚಿಡದೆ ಹೇಳಿದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ.

ಆ ಹುಡುಗನಿಗೆ ಏನು ಲಾಭ ಎಂದು ನೀವು ಕೇಳಿಲ್ಲ. ಆದರೆ ಅದನ್ನು ಹೇಳದೆ ಉತ್ತರ ಪೂರ್ತಿಯಾಗುವುದಿಲ್ಲ. ಸಮನ್ವಯ ಶಿಕ್ಷಣದ, ಅಂದರೆ ಎಲ್ಲ ಮಕ್ಕಳೂ ಒಂದೇ ಕ್ಲಾಸಿನಲ್ಲಿ ಕಲಿಯುವುದರ ಪರ ಮಾತಾಡುವ ನಮ್ಮಂಥವರಿಗೆ ಇಲ್ಲಿ ಸ್ವಲ್ಪ ಇರುಸುಮುರುಸು. 2022ರಲ್ಲಿ ಡೆನ್ಮಾರ್ಕಿನ ನೀನಾ ಡಾಲ್‌ಗೋರ್ ತಂಡ ವಿಶೇಷ ಅಗತ್ಯದ ಮಕ್ಕಳ ಮೇಲಿನ ಅಧ್ಯಯನಗಳನ್ನೆಲ್ಲ ಸೋಸಿ ನೋಡಿತು. ಗುಣಮಟ್ಟದಲ್ಲಿ ನಿಂತದ್ದು 15 ಅಧ್ಯಯನ ಮಾತ್ರ. ಅವುಗಳ ಒಟ್ಟು ಫಲಿತಾಂಶ: ಸಾಮಾನ್ಯ ತರಗತಿಯಲ್ಲಿ ಕೂರಿಸಿದ ಮಾತ್ರಕ್ಕೆ ಆ ಮಕ್ಕಳ ಓದೂ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಕೆಲವರಿಗೆ ಒಳ್ಳೆಯದಾಯಿತು, ಕೆಲವರಿಗೆ ಆಗಲಿಲ್ಲ. ಬೆಂಚು ಕೊಟ್ಟರೆ ಸಾಲದು ಎಂದಾಯಿತಲ್ಲ.

ಹಾಗಾದರೆ ಏನು ಕೊಡಬೇಕು? ಬೆಂಗಳೂರು, ಮೈಸೂರಿನ ಶಾಲೆಗಳು ಈಗ ತಟ್ಟನೆ ಹೇಳುವುದು "ಶ್ಯಾಡೋ ಟೀಚರ್ ಇಟ್ಕೊಳ್ಳಿ, ಖರ್ಚು ನಿಮ್ಮದು" ಅಂತ. ಶ್ಯಾಡೋ ಟೀಚರ್ ಅಂದರೆ ಆ ಒಂದು ಮಗುವಿನ ಪಕ್ಕವೇ ಕೂರುವ ಸಹಾಯಕರು. ಇದರಲ್ಲಿ ಒಂದು ಅಪಾಯ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೀಟರ್ ಬ್ಲ್ಯಾಚ್‌ಫರ್ಡ್ ತಂಡ 2003ರಿಂದ 2008ರವರೆಗೆ ಸಹಾಯಕ ಶಿಕ್ಷಕರ ಬಗ್ಗೆ ದೊಡ್ಡ ಅಧ್ಯಯನ ನಡೆಸಿತು. ಸಹಾಯಕರ ಜೊತೆ ಹೆಚ್ಚು ಹೊತ್ತು ಕಳೆದ ಮಕ್ಕಳು ಅವರಂಥದ್ದೇ ಬೇರೆ ಮಕ್ಕಳಿಗಿಂತ ಕಡಿಮೆ ಕಲಿತಿದ್ದರು. ಯಾಕೆ ಗೊತ್ತಾ? ಸಹಾಯಕರು ಪಕ್ಕ ಕೂತ ಮೇಲೆ ಮುಖ್ಯ ಶಿಕ್ಷಕರು ಆ ಮಗುವಿನ ಕಡೆ ತಿರುಗುವುದೇ ಕಡಿಮೆಯಾಗುತ್ತದೆ. ಗೆಳೆಯರೂ ದೂರವಾಗುತ್ತಾರೆ. ಸಹಾಯಕರ ಗಮನವೆಲ್ಲ ಇವತ್ತಿನ ಪುಟ ಮುಗಿಸುವುದರ ಮೇಲೆ ಇರುತ್ತದೆ, ಮಗುವಿಗೆ ಅರ್ಥವಾಯಿತಾ ಎನ್ನುವುದರ ಮೇಲಲ್ಲ. ಶ್ಯಾಡೋ ಟೀಚರ್ ಬೇಡವೇ ಬೇಡ ಎನ್ನುತ್ತಿಲ್ಲ. ಓಡಿಹೋಗುವ ಮಗುವಿಗೆ ಶುರುವಿನಲ್ಲಿ ಬೇಕೇ ಬೇಕು. ಅವರು ಇಡೀ ಕ್ಲಾಸಿಗೆ ನೆರವಾಗಬೇಕು, ಆ ಹುಡುಗನಿಗೆ ಪಾಠ ಮಾಡುವವರು ಮಿಸ್ಸೇ ಆಗಿರಬೇಕು.

ಕಿರುಚಾಟದ ವಿಷಯಕ್ಕೆ ಬಂದರೆ, ಆಟಿಸಂ ಇರುವ ಮಗು ಸುಮ್ನೆ ಕಿರುಚುವುದಿಲ್ಲ. ಶಾಲೆ ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ನೋಟ್‌ಬುಕ್ ಸಾಕು. ಕಿರುಚುವ ಮುಂಚೆ ಏನಾಗಿತ್ತು, ಕಿರುಚಿದಾಗ ಏನಾಯಿತು, ಆಮೇಲೆ ದೊಡ್ಡವರು ಏನು ಮಾಡಿದರು, ಇಷ್ಟನ್ನು ಒಂದೆರಡು ವಾರ ಬರೆದಿಟ್ಟರೆ ದಾರಿ ಕಾಣತೊಡಗುತ್ತದೆ. ಹಲವರಿಗೆ ಬೆಲ್ಲಿನ ಸದ್ದು, ಮಿನುಗುವ ಟ್ಯೂಬ್‌ಲೈಟು, ಪಕ್ಕದ ಕ್ಲಾಸಿನ ಗದ್ದಲ ತಡೆಯಲಾಗುವುದಿಲ್ಲ. ಕೆಲವರಿಗೆ ಹೇಳದೆ ಪಿ.ಟಿ. ಪೀರಿಯಡ್ ರದ್ದಾಗಿದ್ದೇ ದೊಡ್ಡ ಆಘಾತ. ಇನ್ನು ಕೆಲವರಿಗೆ ಲೆಕ್ಕ ಕಷ್ಟ. ಕಿರುಚಿದರೆ ಹೊರಗೆ ಕಳಿಸುತ್ತಾರೆ, ಲೆಕ್ಕ ಮಾಡುವ ಕಷ್ಟ ತಪ್ಪುತ್ತದೆ. ಅಂದರೆ ಕಿರುಚಲು ಕಲಿಸಿದ್ದು ನಾವೇ! ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ಮೇಜಿನ ಮೇಲೆ ಅಂಟಿಸುವುದು, ಬದಲಾವಣೆ ಇದ್ದರೆ ಮೊದಲೇ ತಿಳಿಸುವುದು, ಬಾಗಿಲಿನಿಂದ ದೂರ ಕೂರಿಸುವುದು, "ನನಗೆ ಬಿಡುವು ಬೇಕು" ಎಂದು ತೋರಿಸಲು ಒಂದು ಕಾರ್ಡು, ಐದು ನಿಮಿಷ ಕೂರಲು ಒಂದು ಶಾಂತ ಮೂಲೆ. ಇದಕ್ಕೆಲ್ಲ ದೊಡ್ಡ ದುಡ್ಡು ಬೇಡ. ಯಾರಾದರೂ ಬಂದು ಮಿಸ್‌ಗೆ ಹೇಳಿಕೊಡಬೇಕು, ಅಷ್ಟೇ. ಅವರನ್ನು ಬೈದು ಪ್ರಯೋಜನವಿಲ್ಲ, ಬಿ.ಎಡ್.ನಲ್ಲಿ ಓದಿದ ಒಂದು ಪೇಪರಿನಿಂದ ಇದು ಬರುವುದಿಲ್ಲ.

ಉಳಿದ ಮಕ್ಕಳ ಪಾತ್ರವೂ ಇದೆ, ಆದರೆ ಈಗ ನಿಮ್ಮ ಮಗಳು ಮಾಡುತ್ತಿರುವ ಕಾವಲಿನ ಕೆಲಸ ಅಲ್ಲ. ಅಮೆರಿಕದ ಕಾನಿ ಕಸಾರಿ ತಂಡ 2012ರಲ್ಲಿ ಆಟಿಸಂ ಇರುವ 60 ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿತು. ಎಲ್ಲರೂ ಸಾಮಾನ್ಯ ಶಾಲೆಯವರು, 6ರಿಂದ 11 ವರ್ಷದವರು. ಒಂದು ಗುಂಪಿನಲ್ಲಿ ಆಟಿಸಂ ಇರುವ ಮಗುವಿಗೇ ಬೆರೆಯುವುದನ್ನು ಕಲಿಸಿದರು. ಇನ್ನೊಂದರಲ್ಲಿ ಅದೇ ಕ್ಲಾಸಿನ ಕೆಲವು ಮಕ್ಕಳಿಗೆ, ಆಟದ ಹೊತ್ತಿನಲ್ಲಿ ಒಂಟಿಯಾಗಿರುವವರನ್ನು ಹೇಗೆ ಸೇರಿಸಿಕೊಳ್ಳಬೇಕು ಎಂದು ಆರು ವಾರ ಹೇಳಿಕೊಟ್ಟರು. ಹೆಚ್ಚು ಫಲ ಸಿಕ್ಕಿದ್ದು ಎರಡನೆಯದರಲ್ಲಿ. ಆಟಿಸಂ ಇರುವ ಮಗು ಒಂಟಿಯಾಗಿರುವುದು ಕಡಿಮೆಯಾಯಿತು, ಗೆಳೆಯರೆಂದು ಅದರ ಹೆಸರು ಹೇಳುವವರು ಹೆಚ್ಚಿದರು. ಗಮನಿಸಿ, ಒಬ್ಬಳ ಮೇಲೆ ಭಾರ ಹಾಕಲಿಲ್ಲ, ಹಲವರಿಗೆ ಹಂಚಿದರು. ಸುಮ್ನೆ ಬಿಡಲಿಲ್ಲ, ದೊಡ್ಡವರು ಕಲಿಸಿದರು.

ಮಗಳು "ಅವನು ಯಾಕೆ ಹಾಗೆ ಮಾಡ್ತಾನೆ?" ಎಂದು ಕೇಳಿದರೆ "ಪಾಪ, ಹುಷಾರಿಲ್ಲ" ಅನ್ನಬೇಡಿ. ಅವಳ ಭಾಷೆಯಲ್ಲೇ ಹೇಳಿ: "ಅವನಿಗೆ ಸದ್ದು ನಮಗಿಂತ ಜೋರಾಗಿ ಕೇಳಿಸುತ್ತೆ. ಹೇಳೋಕೆ ಬೇಗ ಮಾತು ಬರಲ್ಲ. ಅದಕ್ಕೇ ಕಿರುಚ್ತಾನೆ. ನಿನಗೆ ಭಯ ಆದ್ರೆ ಎದ್ದು ಮಿಸ್ ಹತ್ರ ಹೋಗು, ಅದು ತಪ್ಪಲ್ಲ."

ಕಾನೂನು ಏನು ಹೇಳುತ್ತದೆ ಎಂಬುದು ಗ್ರೂಪಿನವರಿಗೂ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳಿವೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳುವಂತೆ, ಬೇಕಾದ ಅನುಕೂಲ ಮಾಡಿಕೊಡುವಂತೆ ನೋಡಿಕೊಳ್ಳಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಪೋಷಕರ ಸಹಿಗಳ ಆಧಾರದ ಮೇಲೆ ಮಗುವನ್ನು ಹೊರಗೆ ಹಾಕಿದರೆ ಶಾಲೆಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಸ್ಪೆಷಲ್ ಸ್ಕೂಲ್ ಕೆಟ್ಟದ್ದು ಎಂಬ ಅರ್ಥದಲ್ಲಿ ಇದನ್ನೆಲ್ಲ ಹೇಳುತ್ತಿಲ್ಲ. ಕೆಲವು ಮಕ್ಕಳಿಗೆ, ಕೆಲವು ವರ್ಷ, ಅದೇ ಸರಿಯಾದ ಜಾಗ. ಅದೇ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ 40% ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ. ಆಯ್ಕೆ ಮಗುವಿನ ಕಡೆಯವರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಪಾಸಣೆ ಮಾಡಿಸಿ, ಅಲ್ಲಿಯವರ ಸಲಹೆ ಕೇಳಿ, ಅವನ ತಂದೆ-ತಾಯಿ ತೀರ್ಮಾನಿಸಬೇಕಾದ ವಿಷಯ ಅದು. ವಾಟ್ಸ್‌ಆ್ಯಪ್ ಗ್ರೂಪು ತೀರ್ಮಾನಿಸುವುದಲ್ಲ.

ಇನ್ನು ನೀವು ಬರೆಯಬೇಕಾದ ಪತ್ರ. ಪ್ರಿನ್ಸಿಪಾಲರಿಗೆ ಬರೆಯಿರಿ, ಹುಡುಗನ ಹೆಸರು ಹಾಕಬೇಡಿ. ಈ ಸೆಕ್ಷನ್‌ಗೆ ತರಬೇತಿ ಪಡೆದ ವಿಶೇಷ ಶಿಕ್ಷಕರು ವಾರಕ್ಕೆ ಕೆಲವು ದಿನವಾದರೂ ಬೇಕು ಎಂದು ಕೇಳಿ. ಈಗಿರುವ ಶಿಕ್ಷಕರಿಗೆ ತರಬೇತಿ ಕೇಳಿ. ಮಗು ಹೊರಗೆ ಓಡಿದರೆ ಯಾರು ಹಿಂದೆ ಹೋಗಬೇಕು ಎನ್ನುವುದು ಲಿಖಿತವಾಗಿರಲಿ, ಅದು ವಿದ್ಯಾರ್ಥಿ ಆಗಿರಬಾರದು. ಆಸನ ಸರದಿಯಲ್ಲಿ ಬದಲಾಗಲಿ. ಇಂಥ ಮಕ್ಕಳನ್ನೆಲ್ಲ ಒಂದೇ ಸೆಕ್ಷನ್‌ಗೆ ತುಂಬಬಾರದು. ತಿಂಗಳ ಕೊನೆಗೆ ಏನಾಯಿತು ಎಂದು ಪೋಷಕರಿಗೆ ತಿಳಿಸಲಿ. ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರ ಕೆಲಸ ಮುಖ್ಯವಾಗಿ ಸರ್ಕಾರಿ ಶಾಲೆಗಳಲ್ಲಿ, ಆದರೂ ಸಲಹೆ ಕೇಳಲು ಶಾಲೆಗೆ ಏನೂ ಅಡ್ಡಿಯಿಲ್ಲ. ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆ ಕದಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಅದೇ ಪತ್ರದ ಪ್ರತಿ ಹೋಗಲಿ.

ಕೊಡುವ ಮುಂಚೆ ಅದನ್ನು ಹುಡುಗನ ತಾಯಿಗೆ ಒಮ್ಮೆ ತೋರಿಸಿ. ಯಾವ ಸದ್ದಿಗೆ ಅವನು ಬೆದರುತ್ತಾನೆ, ಯಾವುದರಿಂದ ಸಮಾಧಾನವಾಗುತ್ತಾನೆ ಎಂದು ಆ ಶಾಲೆಯಲ್ಲಿ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುವುದು ಅವರಿಗೆ. ಪತ್ರಕ್ಕೆ ಸೇರಿಸಬೇಕಾದ ಒಂದೆರಡು ಸಾಲು ಅವರೇ ಹೇಳಬಹುದು. ಮೊದಲ ಸಹಿಯೂ ಅವರದೇ ಆಗಬಹುದು.